ಗ್ರೇಡ್ 3 ಎಂದರೆ ಒಂದೇ ಕಾಯಿಲೆಯಲ್ಲ: ರಿಪೋರ್ಟಿನಲ್ಲಿರುವುದು ‘ಟಿ’ಯೋ ‘ಸಿ’ಯೋ ಕೇಳಿ ತಿಳಿಯಿರಿ

ನ್ಯೂರೋ ಎಂಡೋಕ್ರೈನ್ ಗಡ್ಡೆ. ನಾಲಗೆ ಹೊರಳದ ಈ ಹೆಸರನ್ನು ನಮ್ಮಲ್ಲಿ ಬಹಳ ಮಂದಿ ಮೊದಲ ಸಲ ಕೇಳಿದ್ದು 2018ರ ಮಾರ್ಚ್‌ನಲ್ಲಿ. ಹಿಂದಿ ನಟ ಇರ್ಫಾನ್ ಖಾನ್ ತಮಗೆ ಈ ಕಾಯಿಲೆ ಇದೆಯೆಂದು ಆಗ ತಾವೇ ಪ್ರಕಟಿಸಿದ್ದರು. ಎರಡು ವರ್ಷದ ಬಳಿಕ, 2020ರ ಏಪ್ರಿಲ್ 29ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಅವರಿಗೆ 2003ರಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಪತ್ತೆಯಾದದ್ದೂ ಇದೇ ಜಾತಿಯ ಗಡ್ಡೆ. ಅವರು ಮತ್ತೆ ಎಂಟು ವರ್ಷ ಬದುಕಿ, 2011ರ ಅಕ್ಟೋಬರ್‌ನಲ್ಲಿ ನಿಧನರಾದರು.

ಹೆಸರು ಒಂದೇ, ಹಾದಿ ಮಾತ್ರ ಬೇರೆ ಬೇರೆ. ಈ ಜಾತಿಯ ಗಡ್ಡೆಗಳಲ್ಲಿ ಕೆಲವು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಇನ್ನು ಕೆಲವು ಕೆಲವೇ ತಿಂಗಳಲ್ಲಿ ಪ್ರಾಣಕ್ಕೆ ಎರವಾಗುತ್ತವೆ. ಯಾವುದು ಯಾವ ಗುಂಪಿನದೆಂದು ಮೊದಲೇ ಹೇಳುವುದು ಹೇಗೆ ಎಂಬುದೇ ವೈದ್ಯರ ಮುಂದಿರುವ ದೊಡ್ಡ ಪ್ರಶ್ನೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಗ್ರೇಡ್ 3’ ಅಥವಾ ‘ಹೈ ಗ್ರೇಡ್’ ಎಂದು ಬರೆದಿದ್ದರಂತೂ ಮನೆಯವರ ಜಂಘಾಬಲವೇ ಉಡುಗಿ ಹೋಗುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, ಗ್ರೇಡ್ 3 ಎಂದು ಬರೆದದ್ದೆಲ್ಲ ಒಂದೇ ಕಾಯಿಲೆಯಲ್ಲ. ಆ ಒಂದು ಹಣೆಪಟ್ಟಿಯ ಒಳಗೆ ಎರಡು ಬೇರೆ ಕಾಯಿಲೆಗಳಿವೆ. ಅವುಗಳ ಮದ್ದು ಬೇರೆ, ಮುಂದಿನ ದಾರಿಯೂ ಬೇರೆ. ಇದನ್ನು ರೋಗಿ ಮತ್ತು ಮನೆಯವರು ತಿಳಿದಿರುವುದು ಒಳ್ಳೆಯದು.

ಈ ಗಡ್ಡೆ ಎಲ್ಲಿ ಹುಟ್ಟುತ್ತದೆ?

ನಮ್ಮ ಜಠರ, ಕರುಳು, ಮೇದೋಜೀರಕ ಗ್ರಂಥಿ, ಶ್ವಾಸಕೋಶ ಮುಂತಾದ ಕಡೆ ಒಂದು ಬಗೆಯ ಜೀವಕೋಶಗಳು ಚದುರಿಕೊಂಡಿವೆ. ಇವು ಅರ್ಧ ನರಕೋಶದಂತೆ, ಅರ್ಧ ಗ್ರಂಥಿಯಂತೆ ಕೆಲಸ ಮಾಡುತ್ತವೆ. ಸೂಚನೆ ಬಂದಾಗ ಹಾರ್ಮೋನುಗಳನ್ನು ಬಿಡುವುದು ಇವುಗಳ ಕೆಲಸ. ನ್ಯೂರೋ ಎಂದರೆ ನರಕ್ಕೆ, ಎಂಡೋಕ್ರೈನ್ ಎಂದರೆ ಹಾರ್ಮೋನು ಗ್ರಂಥಿಗೆ ಸಂಬಂಧಿಸಿದ್ದು. ಈ ಕೋಶಗಳು ಹತೋಟಿ ತಪ್ಪಿ ಬೆಳೆದರೆ ನ್ಯೂರೋ ಎಂಡೋಕ್ರೈನ್ ಗಡ್ಡೆಯಾಗುತ್ತದೆ.

ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಸಣ್ಣ ಕರುಳಿನ ಇಂಥ ಗಡ್ಡೆಗಳಿಗೆ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟರು. ಕ್ಯಾನ್ಸರ್‌ನಂತೆ ಕಾಣುವಂಥದ್ದು ಎಂದು ಅದರ ಅರ್ಥ. ಇವು ಅಪಾಯವಿಲ್ಲದ ಗಡ್ಡೆಗಳೆಂದು ಅವರು ಆಗ ಭಾವಿಸಿದ್ದರು. ಇವುಗಳಲ್ಲಿ ಕೆಲವು ಬೇರೆ ಅಂಗಗಳಿಗೂ ಹರಡಬಲ್ಲವು ಎಂದು 1929ರಲ್ಲಿ ಅವರೇ ಬರೆದರು. ಸಾಧು ಯಾವುದು, ಕ್ರೂರಿ ಯಾವುದು ಎಂದು ಬೇರ್ಪಡಿಸುವ ಕೆಲಸ ಅಂದಿನಿಂದಲೂ ನಡೆಯುತ್ತಲೇ ಇದೆ.

ಹಂತ ಬೇರೆ, ದರ್ಜೆ ಬೇರೆ

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ‘ಸ್ಟೇಜ್’ ಮತ್ತು ‘ಗ್ರೇಡ್’ ಒಂದೇ ಅಲ್ಲ. ಕಾಯಿಲೆ ದೇಹದಲ್ಲಿ ಎಷ್ಟು ದೂರ ಹರಡಿದೆ ಎಂದು ತಿಳಿಸುವುದು ಸ್ಟೇಜ್, ಅಂದರೆ ಹಂತ. ಇದನ್ನು ಮುಖ್ಯವಾಗಿ ಸ್ಕ್ಯಾನಿಂಗ್ ಮತ್ತು ಆಪರೇಷನ್‌ನಿಂದ ತಿಳಿಯುತ್ತಾರೆ. ಗಡ್ಡೆಯ ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂದು ಹೇಳುವುದು ಗ್ರೇಡ್, ಅಂದರೆ ದರ್ಜೆ. ಇದನ್ನು ತಿಳಿಯಲು ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. ಲಿವರ್‌ಗೆ ಹರಡಿದ, ಅಂದರೆ ನಾಲ್ಕನೇ ಹಂತದ ಕಾಯಿಲೆ ಒಂದನೇ ದರ್ಜೆಯದೂ ಆಗಿರಬಹುದು. ಇನ್ನೂ ಎಲ್ಲಿಗೂ ಹರಡದ ಗಡ್ಡೆ ಮೂರನೇ ದರ್ಜೆಯದೂ ಆಗಿರಬಹುದು. ಆದ್ದರಿಂದ ‘ಗ್ರೇಡ್ 3’ ಎಂದು ಓದಿ ‘ಮೂರನೇ ಸ್ಟೇಜ್’ ಎಂದು ಊರಲ್ಲಿ ಹೇಳಬಾರದು.

ಕೆಐ-67 ಎಂಬ ಲೆಕ್ಕ

ದರ್ಜೆ ಗೊತ್ತುಪಡಿಸಲು ಬಳಸುವ ಮುಖ್ಯ ಪರೀಕ್ಷೆಯ ಹೆಸರು ಕೆಐ-67. ಇದರ ಹಿಂದೆ ಒಂದು ಸ್ವಾರಸ್ಯವಿದೆ. ಜರ್ಮನಿಯ ಕೀಲ್ ನಗರದಲ್ಲಿ ಸಂಶೋಧಕರು ಒಂದು ಪ್ರತಿಕಾಯವನ್ನು ತಯಾರಿಸಿ 1983ರಲ್ಲಿ ಅದರ ವಿವರ ಪ್ರಕಟಿಸಿದರು. ಊರಿನ ಹೆಸರಿನ ಮೊದಲ ಎರಡು ಅಕ್ಷರ ‘ಕೆಐ’. ಪ್ರಯೋಗದ ತಟ್ಟೆಯಲ್ಲಿ ಅದು ಇದ್ದ ಗುಳಿಯ ಸಂಖ್ಯೆ 67. ಎರಡೂ ಸೇರಿ ಈ ಹೆಸರಾಯಿತು.

ಒಡೆದು ಎರಡಾಗುವ ಕೆಲಸದಲ್ಲಿ ತೊಡಗಿರುವ ಕೋಶಗಳಲ್ಲಿ ಮಾತ್ರ ಒಂದು ಪ್ರೊಟೀನ್ ಇರುತ್ತದೆ. ವಿಶ್ರಾಂತಿಯಲ್ಲಿರುವ ಕೋಶಗಳಲ್ಲಿ ಅದು ಇರುವುದಿಲ್ಲ. ಗಡ್ಡೆಯ ತೆಳು ಪದರಕ್ಕೆ ಈ ಪ್ರತಿಕಾಯವನ್ನು ಹಚ್ಚಿದರೆ ಆ ಪ್ರೊಟೀನ್ ಇರುವ ಕೋಶಗಳು ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಹೆಚ್ಚು ಚಟುವಟಿಕೆ ಇರುವ ಜಾಗ ಹುಡುಕಿ, ಕನಿಷ್ಠ 500 ಕೋಶಗಳನ್ನು ಎಣಿಸಿ, ಅದರಲ್ಲಿ ನೂರಕ್ಕೆ ಎಷ್ಟು ಕಂದು ಎಂದು ಲೆಕ್ಕ ಹಾಕುತ್ತಾರೆ. ಅದೇ ಕೆಐ-67ರ ಶೇಕಡಾವಾರು. ಇದರ ಜತೆಗೆ, 2 ಚದರ ಮಿಲಿಮೀಟರ್ ಜಾಗದಲ್ಲಿ ಒಡೆಯುತ್ತಿರುವ ಕೋಶಗಳು ಎಷ್ಟು ಕಾಣುತ್ತವೆ ಎಂದೂ ಎಣಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚಿನ ದರ್ಜೆ ತೋರಿಸುತ್ತದೋ ಅದನ್ನೇ ಹಿಡಿಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಜೀರ್ಣಾಂಗಗಳ ಗಡ್ಡೆಗಳಿಗೆ ಒಂದು ವಿಂಗಡಣೆ ಮಾಡಿತು. ಕೆಐ-67 ಶೇ. 2 ಅಥವಾ ಕಡಿಮೆ ಇದ್ದರೆ ಗ್ರೇಡ್ 1. ಶೇ. 3ರಿಂದ 20ರವರೆಗೆ ಗ್ರೇಡ್ 2. ಶೇ. 20 ದಾಟಿದರೆ ಗ್ರೇಡ್ 3. ಗ್ರೇಡ್ 3 ಎಂದಾದ ಎಲ್ಲವನ್ನೂ ಆಗ ‘ನ್ಯೂರೋ ಎಂಡೋಕ್ರೈನ್ ಕಾರ್ಸಿನೋಮಾ’ ಎಂದೇ ಕರೆದರು. ಲೆಕ್ಕ ಸರಳವಾಗಿತ್ತು. ಆದರೆ ಶೇ. 25 ಇರುವವರೂ ಶೇ. 95 ಇರುವವರೂ ಒಂದೇ ಚೀಲಕ್ಕೆ ಬಿದ್ದರು.

305 ರೋಗಿಗಳು ಕಲಿಸಿದ ಪಾಠ

ಈ ಚೀಲವನ್ನು ಬಿಚ್ಚಿ ನೋಡಿದವರು ಉತ್ತರ ಯೂರೋಪಿನ ನಾರ್ಡಿಕ್ ದೇಶಗಳ ವೈದ್ಯರು. ನಾರ್ವೆಯ ಬರ್ಗೆನ್ ನಗರದ ಡಾ. ಹಾಲ್ಫ್‌ಡಾನ್ ಸೋರ್ಬಿ ಮತ್ತು ಸಂಗಡಿಗರು 12 ಆಸ್ಪತ್ರೆಗಳಿಂದ 305 ರೋಗಿಗಳ ವಿವರ ಕಲೆಹಾಕಿದರು. ಎಲ್ಲರಿಗೂ 2000ದಿಂದ 2009ರ ನಡುವೆ ಹರಡಿದ, ಹೆಚ್ಚಿನ ದರ್ಜೆಯ ಕಾಯಿಲೆ ಪತ್ತೆಯಾಗಿತ್ತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ಕಿಮೊಥೆರಪಿ ಪಡೆದವರ ಮಧ್ಯಮ ಬದುಕುಳಿವು 11 ತಿಂಗಳು. ಕಿಮೊ ಇಲ್ಲದೆ ಬರೀ ಆರೈಕೆ ಪಡೆದವರದು 1 ತಿಂಗಳು. ಎರಡನೆಯ ಗುಂಪಿನಲ್ಲಿ ಕಿಮೊ ತಡೆದುಕೊಳ್ಳಲಾರದಷ್ಟು ನಿತ್ರಾಣವಾದವರು ಹೆಚ್ಚಿರುವುದು ಸಹಜ. ಹಾಗಾಗಿ ಈ ಅಂತರವೆಲ್ಲ ಮದ್ದಿನಿಂದಲೇ ಬಂದದ್ದು ಎನ್ನುವಂತಿಲ್ಲ. ಆದರೂ ಈ ಕಾಯಿಲೆಯಲ್ಲಿ ಕಾಲಹರಣ ಮಾಡುವಂತಿಲ್ಲ ಎಂಬುದು ಸ್ಪಷ್ಟವಾಯಿತು.

ಅಚ್ಚರಿಯ ಸಂಗತಿ ಬೇರೆಯೇ ಇತ್ತು. ಕೆಐ-67 ಶೇ. 55ಕ್ಕಿಂತ ಕಡಿಮೆ ಇದ್ದವರಲ್ಲಿ ಪ್ಲಾಟಿನಂ ಜಾತಿಯ ಕಿಮೊಗೆ ಗಡ್ಡೆ ಕುಗ್ಗಿದ್ದು ಶೇ. 15 ಮಂದಿಯಲ್ಲಿ ಮಾತ್ರ. ಶೇ. 55 ಅಥವಾ ಹೆಚ್ಚು ಇದ್ದವರಲ್ಲಿ ಶೇ. 42 ಮಂದಿಗೆ ಕುಗ್ಗಿತು. ಹಾಗಾದರೆ ಗಡ್ಡೆ ಕುಗ್ಗಿದವರ ಗುಂಪೇ ಹೆಚ್ಚು ಕಾಲ ಬದುಕಬೇಕಿತ್ತಲ್ಲ? ಆದದ್ದು ತಿರುವು ಮುರುವು. ಕಿಮೊಗೆ ಅಷ್ಟಾಗಿ ಜಗ್ಗದ ಮೊದಲ ಗುಂಪಿನ ಮಧ್ಯಮ ಬದುಕುಳಿವು 14 ತಿಂಗಳು, ಎರಡನೆಯದರದು 10 ತಿಂಗಳು.

ಹೊಲದಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾದೀತು. ಎಳೆಯದಾಗಿ ಭರದಿಂದ ಚಿಗುರುತ್ತಿರುವ ಕಳೆಗೆ ಕಳೆನಾಶಕ ಬೇಗ ಹಿಡಿಯುತ್ತದೆ. ನಿಧಾನವಾಗಿ ಬೆಳೆಯುವ ಗಟ್ಟಿ ಕಳೆಗೆ ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಹೊಲವನ್ನು ಬೇಗ ನುಂಗುವುದು ಮೊದಲನೆಯದೇ. ಈ ಕಿಮೊ ಮದ್ದುಗಳು ಮುಖ್ಯವಾಗಿ ಒಡೆಯುತ್ತಿರುವ ಕೋಶಗಳ ಮೇಲೆ ಬೀಳುತ್ತವೆ. ಕಡಿಮೆ ಕೋಶಗಳು ಒಡೆಯುತ್ತಿದ್ದರೆ ಮದ್ದಿಗೆ ಸಿಗುವ ಗುರಿಯೂ ಕಡಿಮೆ.

ಬದುಕುಳಿವು ಕೆಐ-67ರಿಂದ ಮಾತ್ರ ತೀರ್ಮಾನವಾಗುವುದಿಲ್ಲ ಎಂದೂ ಅದೇ ಅಧ್ಯಯನ ತೋರಿಸಿತು. ರೋಗಿ ಎದ್ದು ಓಡಾಡುವ ಸ್ಥಿತಿಯಲ್ಲಿದ್ದಾರೆಯೇ, ಗಡ್ಡೆ ಹುಟ್ಟಿದ್ದು ದೊಡ್ಡ ಕರುಳಿನಲ್ಲೇ, ರಕ್ತದಲ್ಲಿ ಪ್ಲೇಟ್‌ಲೆಟ್ ಮತ್ತು ಎಲ್‌ಡಿಎಚ್ ಪ್ರಮಾಣ ಏರಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಸಂಖ್ಯೆ ಬಿಟ್ಟು ಆಕಾರ ನೋಡಿದಾಗ

ಒಂದೇ ಗ್ರೇಡ್ 3ರೊಳಗೆ ಎರಡು ಜಾತಿ ಇದೆಯೆಂಬ ಅನುಮಾನ ಇದರಿಂದ ಬಲವಾಯಿತು. ಉತ್ತರ ಸಿಕ್ಕಿದ್ದು ಕೋಶಗಳ ಜೋಡಣೆಯಲ್ಲಿ.

ಒಂದು ಜಾತಿಯಲ್ಲಿ ಕೋಶಗಳು ತಮ್ಮ ಮೂಲದ ಕೋಶಗಳನ್ನು ಇನ್ನೂ ಹೋಲುತ್ತವೆ. ಗುಂಪು ಗುಂಪಾಗಿ, ಸಾಲು ಸಾಲಾಗಿ, ಅಡಿಕೆ ತೋಟದ ಸಾಲಿನಂತೆ ನಿಂತಿರುತ್ತವೆ. ಕೋಶದ ನಡುವಿನ ಕೇಂದ್ರ ಹೆಚ್ಚುಕಡಿಮೆ ಒಂದೇ ಗಾತ್ರದ್ದಾಗಿರುತ್ತದೆ. ಒಳಗೆ ಉಪ್ಪು ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳು ಕಾಣುತ್ತವೆ. ಇಂಥದ್ದನ್ನು ‘ವೆಲ್ ಡಿಫರೆನ್ಶಿಯೇಟೆಡ್’ ಎನ್ನುತ್ತಾರೆ, ಅಂದರೆ ಗುರುತು ಉಳಿಸಿಕೊಂಡ ಗಡ್ಡೆ.

ಇನ್ನೊಂದು ಜಾತಿಯಲ್ಲಿ ಕೋಶಗಳು ಗುರುತು ಸಿಗದಷ್ಟು ಕೆಟ್ಟಿರುತ್ತವೆ. ಸಾಲಿಲ್ಲ, ಶಿಸ್ತಿಲ್ಲ, ಹಾಸುಹಾಸಾಗಿ ಹರಡಿರುತ್ತವೆ. ನಡುನಡುವೆ ಸತ್ತ ಕೋಶಗಳ ತೇಪೆಗಳಿರುತ್ತವೆ. ಇದು ‘ಪೂರ್ಲಿ ಡಿಫರೆನ್ಶಿಯೇಟೆಡ್’. ಇದರಲ್ಲಿ ‘ಸ್ಮಾಲ್ ಸೆಲ್’ ಮತ್ತು ‘ಲಾರ್ಜ್ ಸೆಲ್’ ಎಂದು ಎರಡು ಬಗೆ.

ಇಟಲಿಯ ಮಿಲಾನ್ ನಗರದ ರೋಗಶಾಸ್ತ್ರಜ್ಞ ಮಸ್ಸಿಮೊ ಮಿಲಿಯೋನೆ ಮತ್ತು ಸಂಗಡಿಗರು 136 ರೋಗಿಗಳ ಸ್ಲೈಡ್‌ಗಳನ್ನು ಮತ್ತೆ ನೋಡಿ, ಆಕಾರ ಮತ್ತು ಸಂಖ್ಯೆ ಎರಡನ್ನೂ ಸೇರಿಸಿ ಮೂರು ಗುಂಪು ಮಾಡಿದರು. ಇದು 2017ರಲ್ಲಿ ಪ್ರಕಟವಾಯಿತು.

ಮೊದಲ ಗುಂಪು: ಗುರುತು ಉಳಿಸಿಕೊಂಡ ಕೋಶಗಳು, ಕೆಐ-67 ಶೇ. 20ರಿಂದ 55. ಮಧ್ಯಮ ಬದುಕುಳಿವು 43.6 ತಿಂಗಳು.

ಎರಡನೇ ಗುಂಪು: ಗುರುತು ಕೆಟ್ಟ ಕೋಶಗಳು, ಕೆಐ-67 ಶೇ. 20ರಿಂದ 55. ಮಧ್ಯಮ ಬದುಕುಳಿವು 24.5 ತಿಂಗಳು.

ಮೂರನೇ ಗುಂಪು: ಗುರುತು ಕೆಟ್ಟ ಕೋಶಗಳು, ಕೆಐ-67 ಶೇ. 55 ಅಥವಾ ಹೆಚ್ಚು. ಮಧ್ಯಮ ಬದುಕುಳಿವು 5.3 ತಿಂಗಳು.

ಈ ಮೂರೂ ಗುಂಪಿನವರ ರಿಪೋರ್ಟ್ 2010ರ ಪದ್ಧತಿಯಲ್ಲಿ ‘ಗ್ರೇಡ್ 3’ ಎಂದೇ ಇರುತ್ತಿತ್ತು. ಆದರೆ ಒಬ್ಬರ ಲೆಕ್ಕ ಮೂರೂವರೆ ವರ್ಷ, ಇನ್ನೊಬ್ಬರದು ಆರು ತಿಂಗಳಿಗೂ ಕಡಿಮೆ. ಮೊದಲ ಎರಡು ಗುಂಪುಗಳಲ್ಲಿ ಕೆಐ-67 ಒಂದೇ ಮಟ್ಟದಲ್ಲಿದ್ದರೂ ಫಲಿತಾಂಶ ಬೇರೆ ಎಂಬುದನ್ನು ಗಮನಿಸಿ. ಅಂದರೆ ಸಂಖ್ಯೆಯೊಂದೇ ಸಾಲದು, ಆಕಾರವೂ ಬೇಕು.

ಒಂದಕ್ಷರದ ವ್ಯತ್ಯಾಸ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮೇದೋಜೀರಕ ಗ್ರಂಥಿಯ ಗಡ್ಡೆಗಳಿಗೆ, 2019ರಲ್ಲಿ ಎಲ್ಲ ಜೀರ್ಣಾಂಗಗಳ ಗಡ್ಡೆಗಳಿಗೆ ಹೊಸ ವಿಂಗಡಣೆ ತಂದಿತು. ಅದರಂತೆ ಗುರುತು ಉಳಿಸಿಕೊಂಡ ಗಡ್ಡೆ ಶೇ. 20 ದಾಟಿದ್ದರೆ ಅದು ‘ಎನ್‌ಇಟಿ ಗ್ರೇಡ್ 3’. ಕೊನೆಯ ‘ಟಿ’ ಎಂದರೆ ಟ್ಯೂಮರ್. ಗುರುತು ಕೆಟ್ಟದ್ದು ‘ಎನ್‌ಇಸಿ’. ಕೊನೆಯ ‘ಸಿ’ ಎಂದರೆ ಕಾರ್ಸಿನೋಮಾ. ಎನ್‌ಇಸಿಗೆ ಪ್ರತ್ಯೇಕವಾಗಿ ದರ್ಜೆ ಕೊಡುವುದಿಲ್ಲ, ಅದು ಯಾವಾಗಲೂ ಹೆಚ್ಚಿನ ದರ್ಜೆಯದೇ. ಬೇರೆ ಜಾತಿಯ ಕ್ಯಾನ್ಸರ್ ಜತೆ ಬೆರೆತಿದ್ದು, ಎರಡೂ ಭಾಗ ತಲಾ ಶೇ. 30ಕ್ಕೆ ಕಡಿಮೆಯಿಲ್ಲದಿದ್ದರೆ ‘ಮಿನೆನ್’ ಎಂಬ ಮೂರನೇ ಹೆಸರು.

ಇವೆರಡು ಅಣ್ಣತಮ್ಮಂದಿರೂ ಅಲ್ಲ, ಬೇರೆ ಬೇರೆ ಮನೆತನದವು ಎಂದು ಜೀನ್ ಪರೀಕ್ಷೆಗಳೂ ಹೇಳುತ್ತವೆ. ಎನ್‌ಇಸಿಯಲ್ಲಿ ಟಿಪಿ53, ಆರ್‌ಬಿ1 ಎಂಬ ಜೀನ್‌ಗಳು ಕೆಟ್ಟಿರುವುದು ಸಾಮಾನ್ಯ. ಮೇದೋಜೀರಕ ಗ್ರಂಥಿಯ ಎನ್‌ಇಟಿಯಲ್ಲಿ ಕೆಡುವುದು ಹೆಚ್ಚಾಗಿ ಎಂಇಎನ್1, ಡಿಎಎಕ್ಸ್‌ಎಕ್ಸ್, ಎಟಿಆರ್‌ಎಕ್ಸ್ ಎಂಬ ಬೇರೆ ಜೀನ್‌ಗಳು. ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಅನುಮಾನ ಉಳಿದರೆ ಪ್ರಯೋಗಾಲಯದವರು ಇವುಗಳಿಗೆ ಸಂಬಂಧಿಸಿದ ಬಣ್ಣದ ಪರೀಕ್ಷೆ ಮಾಡಿ ತೀರ್ಮಾನಿಸುತ್ತಾರೆ. ಹಿಂದೆ ಗ್ರೇಡ್ 1 ಅಥವಾ 2 ಇದ್ದ ಗಡ್ಡೆ ಈಗ ಗ್ರೇಡ್ 3ಕ್ಕೆ ಏರಿದ್ದರೆ ಅದು ಎನ್‌ಇಟಿ ಆಗಿರುವ ಸಾಧ್ಯತೆ ಹೆಚ್ಚು. ಹಳೆಯ ರಿಪೋರ್ಟ್ ಕೆಲಸಕ್ಕೆ ಬರುವುದು ಇಂಥಲ್ಲೇ.

ಶ್ವಾಸಕೋಶದ ಇಂಥ ಗಡ್ಡೆಗಳಿಗೆ ವಿಂಗಡಣೆ ಬೇರೆ ಇದೆ. ಅಲ್ಲಿ ಒಡೆಯುತ್ತಿರುವ ಕೋಶಗಳ ಎಣಿಕೆ ಮತ್ತು ಸತ್ತ ಕೋಶಗಳ ತೇಪೆ ಮುಖ್ಯ. ಇಲ್ಲಿ ಹೇಳಿದ ಶೇಕಡಾ ಲೆಕ್ಕವನ್ನು ಅದಕ್ಕೆ ಹಚ್ಚಬಾರದು.

ಹೆಸರು ಬದಲಾದರೆ ಮದ್ದೂ ಬದಲು

ಹರಡಿದ ಎನ್‌ಇಸಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜತೆ ಎಟೊಪೊಸೈಡ್. ಇಲ್ಲಿ ತಡ ಮಾಡುವಂತಿಲ್ಲ.

ಎನ್‌ಇಟಿ ಗ್ರೇಡ್ 3ಕ್ಕೆ ಇದೇ ಮದ್ದು ಅಷ್ಟಾಗಿ ಹತ್ತುವುದಿಲ್ಲ. ಇದಕ್ಕೆ ಕೆಪೆಸಿಟಬಿನ್ ಮತ್ತು ಟೆಮೊಜೊಲೊಮೈಡ್ ಎಂಬ ಮಾತ್ರೆಗಳನ್ನು ಬಳಸುವುದುಂಟು. ಗಡ್ಡೆಯ ಮೇಲೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಕೂರುವ ಜಾಗಗಳಿದ್ದರೆ ಇನ್ನೊಂದು ದಾರಿಯಿದೆ. ಗ್ಯಾಲಿಯಂ-68 ಬಳಸುವ ಡೋಟಾ ಪೆಟ್ ಸ್ಕ್ಯಾನ್‌ನಲ್ಲಿ ಆ ಜಾಗಗಳು ಬೆಳಗುತ್ತವೆ. ಬೆಳಗಿದರೆ, ಲುಟೇಷಿಯಂ-177 ಎಂಬ ವಿಕಿರಣ ವಸ್ತುವನ್ನು ಅದೇ ಜಾಗಕ್ಕೆ ತಲುಪುವಂತೆ ರಕ್ತನಾಳದ ಮೂಲಕ ಕೊಡಬಹುದು. ಕೆಐ-67 ಶೇ. 10ರಿಂದ 55ರವರೆಗೆ ಇದ್ದ 226 ಎನ್‌ಇಟಿ ರೋಗಿಗಳ ಮೇಲೆ ನಡೆದ ನೆಟ್ಟರ್-2 ಎಂಬ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮುಂದುವರಿಯದೆ ನಿಂತ ಮಧ್ಯಮ ಅವಧಿ 22.8 ತಿಂಗಳು. ಹೆಚ್ಚಿನ ಪ್ರಮಾಣದ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಮಾತ್ರ ಪಡೆದವರಲ್ಲಿ 8.5 ತಿಂಗಳು.

ಅಂದರೆ ಎನ್‌ಇಟಿಯನ್ನು ಎನ್‌ಇಸಿ ಎಂದು ಓದಿದರೆ ರೋಗಿಗೆ ಬೇಡದ ಕಿಮೊದ ಕಷ್ಟ ಮತ್ತು ಇರುವುದಕ್ಕಿಂತ ದೊಡ್ಡ ಭಯ. ಎನ್‌ಇಸಿಯನ್ನು ಎನ್‌ಇಟಿ ಎಂದು ಓದಿದರೆ ಅಮೂಲ್ಯವಾದ ವಾರಗಳೇ ನಷ್ಟ.

ತಿಂಗಳ ಲೆಕ್ಕವನ್ನು ಓದುವುದು ಹೇಗೆ?

‘ಮಧ್ಯಮ ಬದುಕುಳಿವು 11 ತಿಂಗಳು’ ಎಂದರೆ ಎಲ್ಲರೂ 11 ತಿಂಗಳಿಗೆ ಸಾಯುತ್ತಾರೆ ಎಂದಲ್ಲ. ನೂರು ರೋಗಿಗಳಿದ್ದರೆ 50 ಮಂದಿ ಅದಕ್ಕಿಂತ ಮೊದಲು, 50 ಮಂದಿ ಅದರ ನಂತರ ಎಂದು ಅರ್ಥ. ನಂತರದ ಐವತ್ತರಲ್ಲಿ ಕೆಲವರು ವರ್ಷಗಟ್ಟಲೆ ಬದುಕುವುದೂ ಉಂಟು. ಮೇಲಿನ ಅಂಕಿಗಳು ಗುಂಪಿನ ಲೆಕ್ಕವೇ ಹೊರತು ಒಬ್ಬರ ಹಣೆಬರಹವಲ್ಲ. ಗಡ್ಡೆ ಒಂದೇ ಕಡೆ ಇದ್ದು ಆಪರೇಷನ್ ಸಾಧ್ಯವಾದರೆ ಲೆಕ್ಕವೇ ಬೇರೆ. ಒಂದೇ ಗಡ್ಡೆಯ ಬೇರೆ ಬೇರೆ ಭಾಗಗಳಲ್ಲಿ ಕೆಐ-67 ಬೇರೆ ಬೇರೆ ಇರುವುದೂ ಉಂಟು. ಸೂಜಿಯಲ್ಲಿ ತೆಗೆದ ಸಣ್ಣ ಚೂರು ಇಡೀ ಗಡ್ಡೆಯ ಕತೆ ಹೇಳದೆ ಇರಬಹುದು.

ಗಡಿನಾಡಿನವರು ಗಮನಿಸಬೇಕಾದ್ದು

ನಮ್ಮ ಕಡೆಯ ರೋಗಿಗಳು ಒಂದೇ ಆಸ್ಪತ್ರೆಯಲ್ಲಿ ನಿಲ್ಲುವುದು ಕಡಿಮೆ. ಕಾಸರಗೋಡಿನವರು ಮಂಗಳೂರಿಗೂ ಹೋಗುತ್ತಾರೆ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೂ ಹೋಗುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಬಾರ್ಶಿಯೂ ಇದೆ, ಮುಂಬಯಿಯ ಟಾಟಾ ಆಸ್ಪತ್ರೆಯೂ ಇದೆ. ಹೊಸೂರು, ಮಡಕಶಿರಾದವರಿಗೆ ಬೆಂಗಳೂರಿನ ಕಿದ್ವಾಯಿ. ಒಂದು ರಾಜ್ಯದಲ್ಲಿ ಬಯಾಪ್ಸಿ, ಇನ್ನೊಂದರಲ್ಲಿ ಸ್ಕ್ಯಾನಿಂಗ್, ಮತ್ತೊಂದರಲ್ಲಿ ಕಿಮೊ ಆಗುವುದು ಹೊಸತೇನಲ್ಲ. ವೈದ್ಯರು ಒಂದೂರಲ್ಲಿ ಮಲಯಾಳದಲ್ಲಿ, ಇನ್ನೊಂದೂರಲ್ಲಿ ಮರಾಠಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ವಿವರಿಸಬಹುದು. ಆದರೆ ‘ಗ್ರೇಡ್’, ‘ಸ್ಟೇಜ್’, ‘ಕೆಐ-67’, ‘ಎನ್‌ಇಟಿ’, ‘ಎನ್‌ಇಸಿ’ ಎಂಬ ಮಾತುಗಳು ಎಲ್ಲ ಕಡೆ ಒಂದೇ. ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಯಾವ ಊರಲ್ಲಾದರೂ ಕೇಳಬಹುದು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು:

1. ಇದು ಎನ್‌ಇಟಿಯೋ, ಎನ್‌ಇಸಿಯೋ? ಎನ್‌ಇಸಿ ಆದರೆ ಸ್ಮಾಲ್ ಸೆಲ್ಲೋ, ಲಾರ್ಜ್ ಸೆಲ್ಲೋ?

2. ಕೆಐ-67 ಎಷ್ಟು ಶೇಕಡಾ? ರಿಪೋರ್ಟಿನಲ್ಲಿ ಅಂಕಿ ಬರೆದಿದೆಯೇ?

3. ಗಡ್ಡೆ ಮೊದಲು ಹುಟ್ಟಿದ್ದು ಯಾವ ಅಂಗದಲ್ಲಿ? ಹಂತ ಯಾವುದು?

4. ಡೋಟಾ ಪೆಟ್ ಸ್ಕ್ಯಾನ್ ನಮಗೆ ಬೇಕೇ?

5. ಸ್ಲೈಡ್‌ಗಳನ್ನು ಈ ಕಾಯಿಲೆ ಹೆಚ್ಚಾಗಿ ನೋಡುವ ಇನ್ನೊಂದು ಕೇಂದ್ರದಲ್ಲಿ ತೋರಿಸಬಹುದೇ?

ಐದನೇ ಪ್ರಶ್ನೆಗೆ ಸಂಕೋಚ ಬೇಡ. ಎನ್‌ಇಟಿ ಗ್ರೇಡ್ 3 ಮತ್ತು ಲಾರ್ಜ್ ಸೆಲ್ ಎನ್‌ಇಸಿಯನ್ನು ಬೇರ್ಪಡಿಸುವುದು ಅನುಭವಿ ರೋಗಶಾಸ್ತ್ರಜ್ಞರಿಗೂ ಕೆಲವೊಮ್ಮೆ ಕಷ್ಟ. ಎರಡನೇ ಅಭಿಪ್ರಾಯ ಕೇಳುವುದರಿಂದ ಮೊದಲಿನವರಿಗೆ ಅವಮಾನವೇನಿಲ್ಲ. ಬಯಾಪ್ಸಿಯ ಚೂರನ್ನು ಮೇಣದ ಬ್ಲಾಕ್‌ನಲ್ಲಿ ಕಾಪಾಡಿ ಇಟ್ಟಿರುತ್ತಾರೆ. ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳನ್ನು ಅರ್ಜಿ ಕೊಟ್ಟು ಪಡೆದು ಬೇರೆ ಕಡೆ ತೋರಿಸಬಹುದು. ಬ್ಲಾಕ್ ಬಿಸಿಲಿಗೆ ಕರಗೀತು, ಸ್ಲೈಡ್ ಒಡೆದೀತು. ಬಸ್ಸಿನಲ್ಲಿ ಒಯ್ಯುವಾಗ ಜೋಪಾನ.

ಹಾಗೆಂದು ಎರಡನೇ ಅಭಿಪ್ರಾಯಕ್ಕಾಗಿ ತಿಂಗಳುಗಟ್ಟಲೆ ಅಲೆಯುವುದೂ ಸರಿಯಲ್ಲ. ಎನ್‌ಇಸಿ ಎಂದು ಖಚಿತವಾದರೆ ಅಥವಾ ರೋಗಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಚಿಕಿತ್ಸೆ ಶುರುವಾಗಲಿ, ಸ್ಲೈಡ್ ಜತೆಜತೆಗೇ ಹೋಗಲಿ. ಹಳೆಯ ರಿಪೋರ್ಟ್, ಸ್ಕ್ಯಾನಿಂಗ್ ಸಿ.ಡಿ., ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. 2019ಕ್ಕಿಂತ ಹಿಂದಿನ ಬಯಾಪ್ಸಿ ರಿಪೋರ್ಟ್ ಇದ್ದು ಅದರಲ್ಲಿ ‘ಗ್ರೇಡ್ 3 ಕಾರ್ಸಿನೋಮಾ’ ಎಂದಿದ್ದರೆ, ಅದು ಹಳೆಯ ಹೆಸರಿನ ಪದ್ಧತಿಯದಾಗಿರಬಹುದು. ಈಗಿನ ಪದ್ಧತಿಯಲ್ಲಿ ಅದು ಏನಾಗುತ್ತದೆ ಎಂದು ವೈದ್ಯರನ್ನು ಕೇಳಿ.